ಗೊರಕೆ ಹೊಡೆಯುವವರ ಗಂಟಲು



ಎರಡು ವರ್ಷಗಳ ಹಿಂದೆ ಬೆಳಗಿನ ಪೂಜೆಯಲ್ಲಿ ನನ್ನ ಸ್ವರ ಏಳುತ್ತಿರಲಿಲ್ಲ. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಂದು ವಾಕ್ಯ ಓದಬೇಕಾದರೆ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಒಬ್ಬರು ಜೇನು ತಂದಿಟ್ಟರು, ಮತ್ತೊಬ್ಬರು ಕಾಳುಮೆಣಸಿನ ಕಷಾಯ. ಸುತ್ತಲಿನ ತೋಟಗಳಲ್ಲಿ ಬೋರ್ಡೋ ಸಿಂಪಡಣೆ ನಡೆಯುತ್ತಿದ್ದ ಕಾಲವದು. ಮೈಲುತುತ್ತಿನ ಗಾಳಿಯೇ ಕಾರಣವೆಂದು ನಾನೂ ನಂಬಿಬಿಟ್ಟೆ.

ಆಮೇಲೆ ಧ್ಯಾನಕೂಟಕ್ಕೆ ಬಂದ ಗುರುಗಳೊಬ್ಬರು ಪಕ್ಕದ ಕೋಣೆಯಲ್ಲಿ ಮೂರು ರಾತ್ರಿ ಮಲಗಿದ್ದರು. ಹೊರಡುವಾಗ ಅವರು ನಗಲಿಲ್ಲ. ‘ನಿಮ್ಮ ಗೊರಕೆ ನಿಲ್ಲುತ್ತದೆ ಫಾದರ್, ಉಸಿರೂ ನಿಲ್ಲುತ್ತದೆ. ನಾನು ಇಪ್ಪತ್ತರವರೆಗೆ ಎಣಿಸಿ ಎದ್ದು ಕೂತೆ’ ಎಂದರು. ಸೆಮಿನರಿಯ ಡಾರ್ಮಿಟರಿಯಲ್ಲೇ ನನ್ನ ಗೊರಕೆ ಪ್ರಸಿದ್ಧವಾಗಿತ್ತು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಾವು ಹೀಗೆ ನಕ್ಕು ಮರೆಯುವುದೇ ದೊಡ್ಡ ತಪ್ಪು ಎಂದು ಈಗ ನನಗೆ ಅನ್ನಿಸುತ್ತದೆ.

ನಿಮ್ಮ ಪಂಪ್‌ಸೆಟ್ಟನ್ನು ನೆನೆದುಕೊಳ್ಳಿ. ಸಕ್ಷನ್ ಪೈಪ್ ಮೆತ್ತಗಿದ್ದರೆ ಪಂಪ್ ಎಳೆಯುವಾಗ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾದಾಗ ಕೆಲವರ ಗಂಟಲೂ ಹೀಗೆಯೇ ಮುಚ್ಚಿಕೊಳ್ಳುತ್ತದೆ. ಎದೆ ಇನ್ನಷ್ಟು ಜೋರಾಗಿ ಎಳೆಯುತ್ತದೆ. ಆ ಎಳೆತಕ್ಕೆ ಹೊಟ್ಟೆಯಲ್ಲಿದ್ದುದೂ ಮೇಲಕ್ಕೆ ಬರಲು ನೋಡುತ್ತದೆ. ಅದನ್ನು ತಡೆಯಬೇಕಾದ್ದು ಜಠರದ ಬಾಯಲ್ಲಿರುವ ಬಿಗಿ. ನಮ್ಮ ಫುಟ್‌ವಾಲ್ವ್‌ನಂತೆ ಅದೂ ಸವೆದು ಸಡಿಲವಾಗಿದ್ದರೆ ಆಮ್ಲವೂ, ಮಾಂಸವನ್ನು ಜೀರ್ಣಿಸುವ ಪೆಪ್ಸಿನ್ನೂ ಸ್ವರಪೆಟ್ಟಿಗೆಯ ತನಕ ಏರುತ್ತವೆ. ಅನ್ನನಾಳಕ್ಕೆ ಇದನ್ನು ತಾಳಿಕೊಳ್ಳುವ ಶಕ್ತಿ ಸ್ವಲ್ಪವಾದರೂ ಇದೆ, ಸ್ವರಪೆಟ್ಟಿಗೆಗೆ ಬಹಳ ಕಡಿಮೆ. ಆದ್ದರಿಂದಲೇ ಎದೆಯುರಿ ಇಲ್ಲದೆಯೂ ಗಂಟಲು ಕೆಡಬಹುದು. ಅಮೆರಿಕದ ಗಂಟಲು ತಜ್ಞ ಡಾ. ಕೌಫ್‌ಮನ್ 1991ರಲ್ಲೇ ಇದನ್ನು ವಿವರವಾಗಿ ತೋರಿಸಿದ್ದರು. ಗೊರಕೆಯಿಂದ ಆಮ್ಲವೋ, ಆಮ್ಲದಿಂದ ಗಂಟಲು ಊದಿ ಗೊರಕೆಯೋ, ಅಥವಾ ಎರಡಕ್ಕೂ ಬೊಜ್ಜೇ ಮೂಲವೋ ಎಂಬುದರಲ್ಲಿ ತಜ್ಞರಿಗೆ ಇನ್ನೂ ಒಮ್ಮತವಿಲ್ಲ. ಎರಡೂ ಒಟ್ಟಿಗೆ ಕಾಣಸಿಗುವುದಂತೂ ಹೌದು.

ಅದಕ್ಕೇ ನಾನು ಹೇಳುವುದು, ವೈದ್ಯರ ಬಳಿ ಎರಡನ್ನೂ ಒಟ್ಟಿಗೇ ಹೇಳಿ. ಗಂಟಲಿಗೊಬ್ಬರು ವೈದ್ಯರು, ಗ್ಯಾಸಿಗೆ ಅಂಗಡಿಯ ಮಾತ್ರೆ, ಗೊರಕೆಗೆ ಹೆಂಡತಿಯ ಬೈಗುಳ ಎಂದು ಹಂಚಿಬಿಟ್ಟರೆ ರೋಗ ಯಾರ ಕೈಗೂ ಸಿಗದು. ಸಾಧ್ಯವಿದ್ದರೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ನಿಮ್ಮ ನಿದ್ದೆಗೆ ಸಾಕ್ಷಿ ನೀವಲ್ಲ, ಅವರು. ಹೆಂಗಸರಿಗೂ ಈ ತೊಂದರೆ ಇದೆ, ಮುಟ್ಟು ನಿಂತ ಮೇಲೆ ಹೆಚ್ಚು. ಅವರಂತೂ ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ.

ನಿದ್ದೆಯ ಪರೀಕ್ಷೆಯನ್ನು ಈಗ ಮನೆಯಲ್ಲೇ ಸಣ್ಣ ಯಂತ್ರ ಕಟ್ಟಿಕೊಂಡೂ ಮಾಡಬಹುದು. ಉಸಿರು ಹತ್ತು ಸೆಕೆಂಡಾದರೂ ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 30 ಮುಟ್ಟಿದರೆ ತೀವ್ರ. ನನ್ನದು 32 ಬಂತು. ಇಂಥವರಿಗೆ ಹಗಲೂ ತೂಕಡಿಕೆ. ನಾನು ತೂಕಡಿಸುವುದು ಕುರ್ಚಿಯಲ್ಲಿ. ನಮ್ಮವರು ಅದೇ ಕಣ್ಣಲ್ಲಿ ಅಡಿಕೆ ಮರ ಹತ್ತುತ್ತಾರೆ, ಬೆಳಗಿನ ಜಾವ ಜೀಪು ಓಡಿಸುತ್ತಾರೆ.

ಇನ್ನೊಂದು ಮಾತು. ಸ್ವರ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ಅದು ಆಮ್ಲವೇ ಎಂದು ನೀವೇ ತೀರ್ಮಾನಿಸಬೇಡಿ. ಕಿವಿ-ಮೂಗು-ಗಂಟಲು ತಜ್ಞರು ನಳಿಗೆ ಇಳಿಸಿ ನೋಡಲಿ, ಅದರಲ್ಲೂ ಎಲೆಅಡಿಕೆ, ಹೊಗೆಸೊಪ್ಪು ಜಗಿಯುವವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ನಮ್ಮ ಕಾಸರಗೋಡಿನ ಮನೆಗಳಿಗೆ ಅನ್ನ ಹಾಕುವ ಬೆಳೆಯ ಬಗ್ಗೆ ಇದನ್ನು ಬರೆಯುವುದು ನನಗೆ ಹಿತವಲ್ಲ. ಆದರೂ ಬರೆಯದಿರಲಾರೆ.

ಪಥ್ಯ ಕಷ್ಟದ್ದೇನಲ್ಲ, ಅಭ್ಯಾಸ ಬಿಡುವುದೇ ಕಷ್ಟ. ರಾತ್ರಿ ಹತ್ತಕ್ಕೆ ಗಂಜಿ-ಮೀನು ಉಂಡು ಹತ್ತೂವರೆಗೆ ಮಲಗುವ ನಮ್ಮ ಪದ್ಧತಿ ಬೇಡ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರು ಇಂಚು ಎತ್ತರದ ಗಟ್ಟಿ ಮರದ ತುಂಡು ಇಡಿ. ದಿಂಬಿನ ಮೇಲೆ ದಿಂಬು ಹಾಕಿದರೆ ಹೊಟ್ಟೆ ಮಡಚುತ್ತದೆ, ಉಪಯೋಗವಿಲ್ಲ. ಅಂಗಾತ ಮಲಗುವುದಕ್ಕಿಂತ ಎಡಮಗ್ಗುಲು ಲೇಸು. ಮೈಭಾರ ಇಳಿಸಿದರೆ ಎರಡಕ್ಕೂ ಒಳ್ಳೆಯದು. ದಣಿವಾರಿಸಲು ಕುಡಿಯುವ ಆ ಒಂದು ಪೆಗ್ಗು ಗಂಟಲನ್ನೂ ಸಡಿಲಿಸುತ್ತದೆ, ಜಠರದ ಬಿಗಿಯನ್ನೂ. ಗೊರಕೆಯವರು ವೈದ್ಯರನ್ನು ಕೇಳದೆ ನಿದ್ದೆಮಾತ್ರೆಯನ್ನಂತೂ ಮುಟ್ಟಬಾರದು.

ನನ್ನಂಥ ತೀವ್ರ ಪ್ರಕರಣಕ್ಕೆ ಇಷ್ಟೇ ಸಾಲದು. ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವಿದೆ; 1981ರಲ್ಲಿ ಸಿಡ್ನಿಯ ಡಾ. ಕೊಲಿನ್ ಸಲ್ಲಿವನ್ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ್ದು. ಹಲವರಲ್ಲಿ ಇದರಿಂದ ಆಮ್ಲ ಮೇಲೇರುವುದೂ ಕಡಿಮೆಯಾಗುತ್ತದೆ. ಮೊದಲ ವಾರ ನಾನು ಅದನ್ನು ಎರಡು ಸಲ ಕಿತ್ತೆಸೆದೆ. ಮೂರನೆಯ ತಿಂಗಳಲ್ಲಿ ಗಾಯನ ಮಂಡಳಿಯವರು, ‘ಫಾದರ್, ಈಗ ನಿಮ್ಮ ಸ್ವರ ಹಿಂದಿನ ಬೆಂಚಿಗೂ ಕೇಳುತ್ತದೆ’ ಎಂದರು. ಯಂತ್ರವನ್ನು ನೋಡಬೇಕೆನ್ನುವವರು ಸಂಜೆ ಗುರುನಿವಾಸಕ್ಕೆ ಬನ್ನಿ, ತೋರಿಸುತ್ತೇನೆ.