ಐದು ನಿಮಿಷದ ಸಿದ್ದಪ್ಪಾಜಿ

ಶನಿವಾರ ಬೆಳಗಿನ ಶಾಲೆ ಮುಗಿಸಿ ಚಿಕ್ಕಲ್ಲೂರು ಜಾತ್ರೆಗೆ ಹೊರಟಿದ್ದೇನೆ ಎಂದಾಗ ನಮ್ಮ ಸಹೋದ್ಯೋಗಿಯೊಬ್ಬರು ಮುಖ ಕಿವಿಚಿದರು. ‘ಅಲ್ಲೇನಿದೆ ಮೇಡಂ, ಧೂಳು ಮತ್ತು ಬಾಡೂಟ. ಜಾನಪದ ಕೇಳಬೇಕು ಅಂದರೆ ಮೈಸೂರಿಗೆ ದಸರಾಕ್ಕೆ ಹೋಗಿ, ಕುರ್ಚಿ ಹಾಕಿರುತ್ತಾರೆ’ ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಮೂವತ್ತು ವರ್ಷ ಹನೂರು, ಕೊಳ್ಳೇಗಾಲದ ಸುತ್ತ ಪಾಠ ಹೇಳಿಕೊಂಡು ಬಂದ ನಾನೂ ಹಾಗೇ ಮಾತಾಡುತ್ತಿದ್ದವಳು.

ಡಿಸೆಂಬರಿನಲ್ಲಿ ನಮ್ಮ ಶಾಲಾ ವಾರ್ಷಿಕೋತ್ಸವ. ಸಾಂಸ್ಕೃತಿಕ ಕಾರ್ಯಕ್ರಮದ ಹೊಣೆ ನನ್ನದು. ‘ನಮ್ಮ ನೆಲದ ಕಲೆ’ ಎಂದು ನೀಲಗಾರರ ಒಂದು ಮೇಳವನ್ನು ಕರೆಸಿದೆ. ಅದರ ಮುಖ್ಯ ಹಾಡುಗಾರ ನನ್ನದೇ ಹಳೆಯ ವಿದ್ಯಾರ್ಥಿ. ಅಪ್ಪನ ಜೊತೆ ರಾತ್ರಿಯೆಲ್ಲ ಹಾಡಿ ಬಂದು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗ. ‘ಆ ತಂಬೂರಿ ಬಿಡು, ಇಲ್ಲವೇ ಶಾಲೆ ಬಿಡು’ ಎಂದು ನಾನು ಗದರಿದ್ದೆ. ಈಗ ಅವನಿಗೆ ಐದು ನಿಮಿಷ ಕೊಟ್ಟೆ. ತಂಬೂರಿ ಶ್ರುತಿ ಮಾಡಿ, ಡಕ್ಕೆ ಗಗ್ಗರ ಹೊಂದಿಸಿ, ಗುರುವಿಗೆ ಕೈಮುಗಿಯುವ ಸೊಲ್ಲು ಮುಗಿಯುವಷ್ಟರಲ್ಲಿ ಸಿನಿಮಾ ಹಾಡಿನ ಹುಡುಗಿಯರು ಜರಿ ಲಂಗ ತೊಟ್ಟು ಕಾಯುತ್ತಿದ್ದರು. ಗಂಟೆ ಹೊಡೆದೆ. ಹೌದು, ನಾನೇ ಹೊಡೆದೆ. ಅವನು ತಂಬೂರಿ ಇಳಿಸಿ, ಶಾಲು ಹೊದೆಸಿಕೊಂಡು, ‘ಇದು ಹಾಡಲ್ಲ ಮಿಸ್ಸೇ, ಹುಣ್ಣುಮೆಗ ಚಿಕ್ಕಲ್ಲೂರ್ಗ ಬನ್ನಿ’ ಎಂದು ಹೋದ.

ಹೋದೆ. ಪುಷ್ಯ ಮಾಸದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುವ ಜಾತ್ರೆ ಅದು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಇರುವ ಊರು. ಮೊದಲ ರಾತ್ರಿ ಬಿದಿರಿನಲ್ಲಿ ಕಟ್ಟಿ ಬಟ್ಟೆ ಸುತ್ತಿದ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ಚಾಚಿತೋ ಆ ಕಡೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ. ವಿಜ್ಞಾನ ಕಲಿಸುವವರು ನಗಬಹುದು, ಆದರೆ ಉರಿ ನಮ್ಮೂರ ಕಡೆ ವಾಲಿದಾಗ ನಾನೂ ಕತ್ತು ಚಾಚಿ ನೋಡಿದೆ. ಹೊಲಗಳ ತುಂಬ ಬಿಡಾರಗಳು. ಪಂಕ್ತಿಸೇವೆಯ ದಿನ ಜಾತಿ ಕೇಳದೆ ಜೊತೆಗೆ ಕೂತು ಉಣ್ಣುವುದು ಅಲ್ಲಿನ ಪದ್ಧತಿ. 1959ರ ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಈ ಊಟಕ್ಕೇ ಸಂಚಕಾರ ಬಂದಿದೆ. ಬಲಿ ಬೇರೆ, ನೆಂಟರಿಗೆ ಅಡುಗೆ ಮಾಡಿ ಬಡಿಸುವುದು ಬೇರೆ ಎನ್ನುತ್ತಾರೆ ಭಕ್ತರು. ಅವರ ಮಾತು ನನಗೆ ಸರಿ ಎನ್ನಿಸುತ್ತದೆ. ಇರಲಿ, ಅದು ಇನ್ನೊಂದು ಲೇಖನ.

ಒಂದು ಬಿಡಾರದ ಮುಂದೆ ನನ್ನ ಶಿಷ್ಯ ಹಾಡುತ್ತಿದ್ದ. ‘ಕೂತ್ಕಳಿ ಮಿಸ್ಸೇ’ ಎಂದು ಯಾರೋ ಅಜ್ಜಿ ತನ್ನ ಕಂಬಳಿಯ ತುದಿ ಬಿಟ್ಟುಕೊಟ್ಟಳು. ಮೈಯೆಲ್ಲ ನಾರುವ ಮುದುಕನ ವೇಷದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಬಸವಣ್ಣನ ಮನೆಯ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಮೂಗು ಮುಚ್ಚಿಕೊಂಡು ಓಡಿಸುತ್ತಾರೆ. ಸಮಾನತೆಯ ಊರಿನ ಬಾಗಿಲಲ್ಲೇ ಸಮಾನತೆಯ ಪರೀಕ್ಷೆ! ಹಿಮ್ಮೇಳ ಸೊಲ್ಲು ಎತ್ತಿಕೊಂಡಾಗಲೆಲ್ಲ ಅಜ್ಜಿ ‘ಆಹಾ ಗುರುವೇ’ ಎನ್ನುವಳು. ಈ ಜಗಳದ ಬಾಗಿಲಿಗೆ ಬರುವುದಕ್ಕೇ ಗಂಟೆಗಟ್ಟಲೆ ಹಾಡಬೇಕು. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರು ಪಾಂಚಾಳರ ಬಳಿ ಹೋಗುವಷ್ಟರಲ್ಲಿ ಬೆಳ್ಳಿ ಮೂಡಿರುತ್ತದೆ.

ಅಲ್ಲಿ ಕೂತಾಗ ನಾನು ಹೊಡೆದ ಗಂಟೆ ಏನು ಮಾಡಿತು ಎಂಬುದು ತಿಳಿಯಿತು. ಐದು ನಿಮಿಷಕ್ಕೆ ದಕ್ಕುವುದು ಕೈಮುಗಿಯುವ ಭಾಗ ಮಾತ್ರ. ಸ್ತುತಿ ಉಳಿಯುತ್ತದೆ, ಜಗಳ ಹೊರಗೆ ಹೋಗುತ್ತದೆ. ಕಂಸಾಳೆಗೂ ಇದೇ ಗತಿ. ಮಂತ್ರಿಗಳ ಮೆರವಣಿಗೆಗೆ ಬೀಸು ಕಂಸಾಳೆ ಬೇಕು. ಆದರೆ ದೇವರಗುಡ್ಡರು ಕೂತು ಹಾಡುವ ಸಂಕಮ್ಮನ ಸಾಲು ಯಾರಿಗೆ ಬೇಕು? ಗಂಡ ಕಾಡಿಗೆ ಹೊರಡುವಾಗ ಪತಿವ್ರತೆಯಾಗಿರುತ್ತೇನೆ ಎಂದು ಆಣೆ ಇಡು ಎನ್ನುತ್ತಾನೆ, ಅವಳು ಇಡುವುದಿಲ್ಲ. ಪಡಬಾರದ ಹಿಂಸೆ ಪಡುತ್ತಾಳೆ, ಆದರೂ ಇಡುವುದಿಲ್ಲ. ಮಾದಪ್ಪ ಅವಳ ಕಡೆ ನಿಲ್ಲುತ್ತಾನೆ. ನಾನು ಯಳಂದೂರಿನ ಮಗಳು. ನಮ್ಮೂರ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಪ್ರತಿಪದಾರ್ಥದೊಡನೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಹೊನ್ನಮ್ಮನ ಮೇಲೆ ನನಗೆ ಮುನಿಸಿಲ್ಲ, ಹೆಣ್ಣೆಂದು ಹೀಗಳೆಯುವವರನ್ನು ಆಕೆಯೂ ಬಿಟ್ಟವಳಲ್ಲ. ಆದರೆ ಪಕ್ಕದ ತಾಲ್ಲೂಕಿನ ಬೆಟ್ಟದ ಸಂಕಮ್ಮನನ್ನು ಒಂದು ದಿನವೂ ತರಗತಿಯೊಳಗೆ ಕರೆಯಲಿಲ್ಲವಲ್ಲ!

ಕಾವ್ಯಗಳು ಎಲ್ಲಿಗೂ ಹೋಗಿಲ್ಲ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ದಪ್ಪ ಪುಸ್ತಕ ಮಾಡಿದೆ ಎನ್ನುತ್ತಾರೆ. ನಿಜ, ನಮ್ಮ ಶಾಲೆಯ ಬೀರುವಿನಲ್ಲೂ ಇದೆ. ಬೀಗದ ಕೈ ನನ್ನ ಹತ್ತಿರವೇ ಇದೆ. ವೇದಿಕೆಯಿಂದ ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬ ವಾದವನ್ನೂ ತಳ್ಳಿಹಾಕಲಾರೆ. ಬೆಳಗಿನ ಜಾವ ಟೀ ಕುಡಿಯುತ್ತಾ ಅದನ್ನೇ ಕೇಳಿದೆ. ‘ವೇದ್ಕೆ ಬ್ಯಾಡ ಅನ್ನಕ್ಕಿಲ್ಲ ಮಿಸ್ಸೇ, ಅಲ್ಲಿ ದುಡ್ಡು ಸಿಕ್ತದ. ಆದ್ರ ಅಲ್ಲಿ ಹಾಡಿ ಹಾಡಿ ನಮ್ಮ ಹೈಕಳು ಐದೇ ನಿಮ್ಸದ ಕತ ಕಲ್ತವ. ಮಿಕ್ಕದ್ದು ನಮ್ಮಪ್ಪನ ಜತ್ಗೇ ಹೋಯ್ತದ’ ಎಂದ. ನಾನು ತರಗತಿಯಲ್ಲಿ ಗದರಿದ್ದು ಅವನಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.

ಸೋಮವಾರ ಮುಖ್ಯೋಪಾಧ್ಯಾಯರ ಮುಂದೆ ಕೂತೆ. ಬರುವ ವಾರ್ಷಿಕೋತ್ಸವದ ಹಿಂದಿನ ರಾತ್ರಿ ಶಾಲೆಯ ಅಂಗಳದಲ್ಲಿ ಒಂದೇ ಒಂದು ಸಾಲನ್ನು ಪೂರ್ತಿ ಹಾಡಿಸೋಣ, ಮೈಕು ಬೇಡ, ಕುರ್ಚಿಯೂ ಬೇಡ, ಮಕ್ಕಳು ತಾಯಂದಿರನ್ನು ಕರೆದುಕೊಂಡು ಚಾಪೆ ತರಲಿ ಎಂದೆ. ಅವರು ತುಸು ಯೋಚಿಸಿ, ‘ಹದಿನೈದು ನಿಮಿಷ ಕೊಡೋಣ ಮೇಡಂ’ ಎಂದರು. ನಾನು ಒಪ್ಪಿಲ್ಲ. ಇವತ್ತೂ ಹೋಗಿ ಕೂರುತ್ತೇನೆ.