ಕನ್ನಡ ತೆರೆಮರೆಯಲ್ಲಿ ಓಡಿದರೆ ಸಾಲದು!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಇಂದು ಕಂಪ್ಯೂಟರಿನ ಮುಂದೆ ಕೂತು ಅನ್ನ ದುಡಿಯುತ್ತಿರುವ ಕನ್ನಡದ ತರುಣರೇ, ತರುಣಿಯರೇ! ಈ ಮಾತು ನಿಮಗೆ. ಬೆಂಗಳೂರಿನಲ್ಲೇ ಹುಟ್ಟಿ, ಗೊರವನಹಳ್ಳಿ ಲಕ್ಷ್ಮಿಗೋ ಪಾವಗಡದ ಶನಿಮಹಾತ್ಮನಿಗೋ ವರ್ಷಕ್ಕೊಮ್ಮೆ ಹೋಗಿ ಬರುವವರೂ ಓದಿ. ನಷ್ಟವೇನಿಲ್ಲ.

ಮೊದಲು ನನ್ನ ಮುಖಭಂಗದ ಕತೆ ಹೇಳಿಬಿಡುತ್ತೇನೆ. ಈ ನಾಲ್ಕು ತಾಲ್ಲೂಕುಗಳ ಪೈಕಿ ಒಂದರಲ್ಲಿ, ಯಾವ ಕಚೇರಿ ಎಂದು ಹೇಳುವುದಿಲ್ಲ, ಒಬ್ಬ ಅಜ್ಜಿಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಕುಟ್ಟುತ್ತಿದ್ದುದನ್ನು ಕಂಡೆ. ಅಜ್ಜಿಗೆ ಇಂಗ್ಲಿಷ್ ಬಾರದು. ಅರ್ಜಿ ಓದಬೇಕಾದ ಅಧಿಕಾರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಮತ್ತೆ ಯಾರಿಗಾಗಿ ಈ ಇಂಗ್ಲಿಷ್? ರಕ್ತ ಕುದಿಯಿತು. ಅಲ್ಲೇ ನಿಂತು ಭಾಷಣ ಶುರು ಮಾಡಿದೆ. ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡು, ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡಿ ಸಾರ್, ನುಡಿ ಓಡ್ತಾನೇ ಐತೆ. ಅಕ್ಷರ ಮಾತ್ರ ಬರಾಕಿಲ್ಲ. ನೀವೇ ಬರಿಸಿಕೊಡಿ, ಕನ್ನಡದಾಗೇ ಹೊಡೀತೀನಿ."

ನಿಜ. ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಕನ್ನಡದ ತಂತ್ರಾಂಶ ಓಡುತ್ತಿದೆ ಎಂದೇ ಇತ್ತು. ಕೀಲಿ ಒತ್ತಿದರೆ ಮಾತ್ರ ಇಂಗ್ಲಿಷ್. ನನ್ನ ಭಾಷಣ ಗಂಟಲಲ್ಲೇ ಉಳಿಯಿತು. ಕನ್ನಡದ್ರೋಹಿ ಯಾರೂ ಅಲ್ಲಿರಲಿಲ್ಲ. ಯಾರೋ ಒಬ್ಬ ಒಳ್ಳೆಯ ಹುಡುಗ, ದಿನಾ ಬೆಳಿಗ್ಗೆ ಐಕಾನ್ ಒತ್ತುವ ಕಷ್ಟ ಇವರಿಗೆ ಯಾಕೆ ಎಂದು, ಅದನ್ನು ತಾನಾಗಿಯೇ ಓಡುವ 'ಸರ್ವಿಸ್' ಮಾಡಿಟ್ಟು ಹೋಗಿದ್ದ. ಅಲ್ಲಿಂದಲೇ ಕನ್ನಡ ನಿಂತದ್ದು!

ಹೇಗೆ ಎನ್ನುತ್ತೀರಾ? ವಿಂಡೋಸಿನಲ್ಲಿ ಸರ್ವಿಸ್ ಎಂದರೆ ಯಾರೂ ಲಾಗಿನ್ ಆಗದಿದ್ದರೂ, ಯಂತ್ರ ಎದ್ದ ಕೂಡಲೇ ತೆರೆಮರೆಯಲ್ಲಿ ಕೆಲಸ ಶುರು ಮಾಡುವ ಆಳು. ಪ್ರಿಂಟರಿನ ಸರತಿ ನೋಡುವುದು, ದತ್ತಾಂಶ ಕಾಯುವುದು, ರಾತ್ರಿ ಕಡತಗಳ ನಕಲು ತೆಗೆದಿಡುವುದು, ಇಂಥ ಮುಖ ಬೇಡದ ಕೆಲಸಗಳಿಗೆ ಅದು ಸರಿ. ಎಲ್ಲ ಪ್ರೋಗ್ರಾಂಗಳೂ ಸರ್ವಿಸ್ ಆಗಲು ಹುಟ್ಟಿದವಲ್ಲ. ಮಾಮೂಲಿ ಪ್ರೋಗ್ರಾಮನ್ನು ಒತ್ತಾಯದಿಂದ ಹಾಗೆ ನೋಂದಾಯಿಸಿದರೆ ವಿಂಡೋಸ್ ಅರ್ಧ ನಿಮಿಷ ಕಾದು, 'ಉತ್ತರ ಬರಲಿಲ್ಲ' ಎಂದು 1053ನೇ ನಂಬರಿನ ತಪ್ಪು ತೋರಿಸಿ ಕೈಬಿಡುತ್ತದೆ. ಅದಕ್ಕೂ ಉಪಾಯವಿದೆ. ಯಾವ ಪ್ರೋಗ್ರಾಮನ್ನಾದರೂ ಹೊದಿಕೆ ಹೊದಿಸಿ ಸರ್ವಿಸ್ ಮಾಡಿಬಿಡುವ ಪುಟ್ಟ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ನಮ್ಮ ಒಳ್ಳೆಯ ಹುಡುಗ ಬಳಸಿದ್ದು ಅದನ್ನೇ.

ಆದರೆ 2007ರಲ್ಲಿ ವಿಂಡೋಸ್ ವಿಸ್ತಾ ಮನೆಮನೆಗೆ ಬಂದಾಗ ಮೈಕ್ರೋಸಾಫ್ಟ್ ನಡುವೆ ಒಂದು ಗೋಡೆ ಕಟ್ಟಿತು. ಸರ್ವಿಸುಗಳಿಗೆಲ್ಲ 'ಸೊನ್ನೆ' ಎಂಬ ಬೇರೆ ಸೆಷನ್. ಲಾಗಿನ್ ಆಗಿ ಕೂರುವ ಮನುಷ್ಯರಿಗೆ ಒಂದರಿಂದ ಮುಂದಿನ ಸೆಷನ್‌ಗಳು. ಕಳ್ಳ ತಂತ್ರಾಂಶಗಳು ಸರ್ವಿಸಿನ ಬೆನ್ನೇರಿ ಯಂತ್ರವನ್ನೇ ವಶ ಮಾಡಿಕೊಳ್ಳಬಾರದು ಎಂಬ ಕಾರಣಕ್ಕೆ. ಕಾರಣ ಒಳ್ಳೆಯದೇ. ಆದರೆ ಕೀಲಿಮಣೆಯ ತಂತ್ರಾಂಶ ಮಾಡುವ ಕೆಲಸವೇನು? ನೀವು ಒತ್ತಿದ ಕೀಲಿಯನ್ನು ನಿಮ್ಮ ಮುಂದಿನ ಕಿಟಕಿಗೆ ತಲುಪುವ ಮೊದಲೇ ಹಿಡಿದು ಕನ್ನಡ ಮಾಡುವುದು. ಅದು ಗೋಡೆಯ ಆಚೆ ಕೂತರೆ ನಿಮ್ಮ ಕೀಲಿ ಅದಕ್ಕೆ ಕೇಳಿಸುವುದೇ ಇಲ್ಲ. ಓಡುತ್ತಿರುತ್ತದೆ, ಅಷ್ಟೇ.

ಇದನ್ನು ತಿಳಿದಾಗ ನನಗೆ ನೆನಪಾದದ್ದು 1963ರ ರಾಜಭಾಷಾ ಅಧಿನಿಯಮ. ಅದೂ ಹಾಗೆಯೇ ಅಲ್ಲವೇ? ಪಟ್ಟಿಯಲ್ಲಿ ಓಡುತ್ತಲೇ ಇದೆ!

ಸರಿ, ಕೆಲಸಕ್ಕೆ ಬರೋಣ. ಕನ್ನಡ ತಾನಾಗಿಯೇ ಏಳಬೇಕಾದದ್ದು ಯಂತ್ರ ಎದ್ದಾಗ ಅಲ್ಲ, ಮನುಷ್ಯ ಲಾಗಿನ್ ಆದಾಗ. ಸುಲಭದ ದಾರಿ ಸ್ಟಾರ್ಟಪ್ ಫೋಲ್ಡರ್. ವಿಂಡೋಸ್ ಕೀಲಿ ಮತ್ತು 'ಆರ್' ಒಟ್ಟಿಗೆ ಒತ್ತಿ, ಬಂದ ಚೌಕದಲ್ಲಿ ಇಂಗ್ಲಿಷಿನಲ್ಲಿ 'ಶೆಲ್' ಎಂದು ಬರೆದು, ಕೋಲನ್ ಚುಕ್ಕೆ ಇಟ್ಟು, 'ಸ್ಟಾರ್ಟಪ್' ಎಂದು ಸೇರಿಸಿ. ತೆರೆದ ಫೋಲ್ಡರಿನಲ್ಲಿ ತಂತ್ರಾಂಶದ ಶಾರ್ಟ್‌ಕಟ್ ಇಡಿ. ಆಯಿತು. ಆದರೆ ಇದು ಆ ಒಬ್ಬ ಬಳಕೆದಾರರಿಗೆ ಮಾತ್ರ. ಕಚೇರಿಯಲ್ಲಿ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು ಬೇರೆ ಬೇರೆ ಹೆಸರಲ್ಲಿ ಲಾಗಿನ್ ಆಗುವುದಾದರೆ 'ಸ್ಟಾರ್ಟಪ್' ಪದದ ಹಿಂದೆ 'ಕಾಮನ್' ಸೇರಿಸಿ, ಎಲ್ಲರಿಗೂ ಸೇರಿದ ಫೋಲ್ಡರಿನಲ್ಲಿ ಇಡಿ.

ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುವಂಥದ್ದಾದರೆ ಈ ದಾರಿ ಕೈಕೊಡುತ್ತದೆ. ಆಗ ಟಾಸ್ಕ್ ಶೆಡ್ಯೂಲರ್. ಹೊಸ ಟಾಸ್ಕ್ ಮಾಡಿ, ಲಾಗಾನ್ ಆದಾಗ ಎಂಬ ಟ್ರಿಗರ್ ಕೊಟ್ಟು, ಗರಿಷ್ಠ ಅಧಿಕಾರದೊಂದಿಗೆ ಓಡಿಸು ಎಂಬ ಗುರುತು ಹಾಕಿ. ಎಚ್ಚರ! ಅಲ್ಲೇ 'ಬಳಕೆದಾರ ಲಾಗಾನ್ ಆಗಿರಲಿ ಬಿಡಲಿ ಓಡಿಸು' ಎಂಬ ಇನ್ನೊಂದು ಆಯ್ಕೆ ಇದೆ. ಕೇಳಲು ಬಹಳ ಚೆಂದ. ಅದನ್ನು ಒತ್ತಿದಿರೋ, ಮತ್ತೆ ಗೋಡೆಯ ಆಚೆಗೆ ಹೋಯಿತು ಕನ್ನಡ. ಇನ್ನೆರಡು ಗುಟ್ಟಿನ ಗುಂಡಿಗಳಿವೆ. ನೀವು ಕೇಳದೆಯೇ ವಿಂಡೋಸ್ 'ಕರೆಂಟಿನ ಮೇಲಿದ್ದರೆ ಮಾತ್ರ ಶುರು ಮಾಡು' ಎಂದು ಗುರುತು ಹಾಕಿಟ್ಟಿರುತ್ತದೆ. ಕರೆಂಟು ಹೋದಾಗ ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ಎದ್ದರೆ ಕನ್ನಡ ಏಳುವುದಿಲ್ಲ. ತಿರುಮಣಿಯ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇಟ್ಟುಕೊಂಡ ಪಾವಗಡದಲ್ಲೂ ಈ ಗುರುತು ತೆಗೆಯದೆ ಬರಬೇಡಿ. ಮೂರು ದಿನಕ್ಕೆ ಮೇಲ್ಪಟ್ಟು ಓಡಿದರೆ ನಿಲ್ಲಿಸು ಎಂಬ ಗುರುತೂ ಇರುತ್ತದೆ, ಅದನ್ನೂ ತೆಗೆಯಿರಿ. ಯಂತ್ರವನ್ನು ವಾರಗಟ್ಟಲೆ ಆರಿಸದ ಕಚೇರಿಗಳಲ್ಲಿ ನಾಲ್ಕನೆಯ ದಿನ ಕನ್ನಡ ಮಾಯವಾಗುವ ಪವಾಡಕ್ಕೆ ಇದೂ ಕಾರಣವಿರಬಹುದು.

ಬೇರೆ ತಂತ್ರಾಂಶವೇ ಬೇಡ ಎನ್ನುವವರಿಗೆ ವಿಂಡೋಸಿನ ಒಳಗೇ ಕನ್ನಡ ಕೀಲಿಮಣೆ ಇದೆ. ಎಕ್ಸ್‌ಪಿ ಕಾಲದಿಂದ, ಎಂದರೆ 2001ರಿಂದ ಇನ್‌ಸ್ಕ್ರಿಪ್ಟ್ ಇದೆ. 2019ರಿಂದ ವಿಂಡೋಸ್ 10ರಲ್ಲಿ ಉಚ್ಚಾರದಂತೆ ಬೆರಳಚ್ಚಿಸುವ ಕನ್ನಡ ಕೀಲಿಮಣೆಯೂ ಸೇರಿತು. ಭಾಷೆಗಳ ಪಟ್ಟಿಗೆ ಒಮ್ಮೆ ಸೇರಿಸಿಬಿಟ್ಟರೆ ಲಾಗಿನ್ ಆದಾಗಲೆಲ್ಲ ತಾನೇ ಸಿದ್ಧ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇದೂ ಆಯಾ ಬಳಕೆದಾರರಿಗೆ ಮಾತ್ರ. ಕಂಟ್ರೋಲ್ ಪ್ಯಾನೆಲ್ಲಿನ ರೀಜನ್ ವಿಭಾಗದಲ್ಲಿ, ಈ ಏರ್ಪಾಟನ್ನು ಸ್ವಾಗತ ಪರದೆಗೂ ಹೊಸ ಬಳಕೆದಾರರಿಗೂ ನಕಲು ಮಾಡುವ ಗುಂಡಿ ಇದೆ. ಅದನ್ನು ಒತ್ತಿ ಬನ್ನಿ.

ಇಷ್ಟೆಲ್ಲ ರಗಳೆ ಯಾಕೆ, ಇಂಗ್ಲಿಷಿನಲ್ಲೇ ಹೊಡೆದರಾಯಿತಲ್ಲ ಎನ್ನುವ ಮಹಾಶಯರು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳಕ್ಕೆ ಒಮ್ಮೆ ಹೋಗಿ ಬರಲಿ. ಆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಲಕಾರಕ್ಕೂ ಳಕಾರಕ್ಕೂ ಅಲ್ಲಿ ಒಂದೇ ಅಕ್ಷರ. ಅದನ್ನು ಊರು ಗೊತ್ತಿಲ್ಲದ ಇನ್ನೊಬ್ಬ ಕನ್ನಡಕ್ಕೆ ತಿರುಗಿಸಲಿ. 'ಕಲ್ಲಂಬೆಲ್ಲ' ಆಗಿರುತ್ತದೆ! ಊರೇ ಬೆಲ್ಲವಾಗಿ ಕರಗಿಹೋದ ಮೇಲೆ ಅಜ್ಜಿಯ ಹೆಸರು, ಅವಳ ಗಂಡನ ಹೆಸರು ನೆಟ್ಟಗೆ ಉಳಿಯುತ್ತದೆಯೇ? ಪಹಣಿಯಲ್ಲೊಂದು ಹೆಸರು, ಬ್ಯಾಂಕಿನಲ್ಲೊಂದು ಹೆಸರು ಆದಾಗ ಕಚೇರಿ ಸುತ್ತುವುದು ಅಜ್ಜಿ. ಟೈಪ್ ಮಾಡಿದವರಲ್ಲ.

ಕನ್ನಡ ಯಂತ್ರಕ್ಕೆ ಒಗ್ಗುವುದಿಲ್ಲ ಎಂಬ ಮಾತು ಸತ್ತು ಕಾಲವಾಯಿತು. ಕೆ.ಪಿ. ರಾವ್ ಕನ್ನಡದ ಧ್ವನಿಗೆ ತಕ್ಕ ಕೀಲಿಮಣೆ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ಕನ್ನಡದಲ್ಲೇ. ಆ ಕೆಲಸದಲ್ಲಿ ತಾಲ್ಲೂಕು ಕಚೇರಿಯ ಇದೇ ನಮ್ಮ ಜನರ ಕೈಯೂ ಇತ್ತು. ಅಷ್ಟು ದೊಡ್ಡ ಬೆಟ್ಟ ಹತ್ತಿದವರನ್ನು ಒಂದು ತಪ್ಪು ಗುರುತು ಬೀಳಿಸುವುದೇ?

ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗ, ಅವೇ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾವು ಕೇಳಬೇಕಾದದ್ದು ಹೊಸ ಕಾನೂನನ್ನಲ್ಲ. 1963ರದ್ದೂ ಇದೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಗೆಂದು 2022ರದ್ದೂ ಇದೆ. ಕಚೇರಿಗೋ ಶಾಲೆಗೋ ಕಂಪ್ಯೂಟರ್ ಕೊಡುವ, ರಿಪೇರಿ ಮಾಡುವ ಗುತ್ತಿಗೆಯಲ್ಲಿ ಒಂದೇ ಸಾಲು ಸೇರಲಿ: ಲಾಗಿನ್ ಆದ ಕೂಡಲೇ ಕನ್ನಡ ಬರುತ್ತಿರಬೇಕು, ಬಾರದಿದ್ದರೆ ಬಿಲ್ಲು ಪಾಸಾಗದು. ಉಪವಿಭಾಗಾಧಿಕಾರಿಗಳಿಗೂ ಡಿಡಿಪಿಐ ಅವರಿಗೂ ಮನವಿ ಬರೆಯುವಾಗ ಈ ಸಾಲನ್ನೇ ಬರೆಯಿರಿ. ನೂರು ಘೋಷಣೆ ಬೇಡ.

ಮನವಿಗೆ ಉತ್ತರ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಶನಿವಾರ ಊರಿಗೆ ಹೋಗುತ್ತೀರಲ್ಲ? ನೀವು ಓದಿದ ಶಾಲೆಯ ಹೆಡ್‌ಮೇಷ್ಟ್ರನ್ನು ಕೇಳಿ, ಅನುಮತಿ ಪಡೆದು, ಲ್ಯಾಬಿನಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ರೀಸ್ಟಾರ್ಟ್ ಮಾಡಿದರೆ ಬದಲಾವಣೆಗಳನ್ನೆಲ್ಲ ಅಳಿಸಿಹಾಕುವ ಬೀಗದ ತಂತ್ರಾಂಶವನ್ನು ಕೆಲವು ಲ್ಯಾಬುಗಳಲ್ಲಿ ಹಾಕಿರುತ್ತಾರೆ. ಅದನ್ನು ಮೊದಲು ತೆಗೆಸಿ, ಕೆಲಸ ಮುಗಿಸಿ, ಮತ್ತೆ ಹಾಕಿಸಿ. ಆಮೇಲೆ ಯಂತ್ರವನ್ನು ಆರಿಸಿ ಹಚ್ಚಿ. ನೀವು ಮುಟ್ಟಬೇಡಿ, ಮೇಷ್ಟ್ರೇ ಲಾಗಿನ್ ಆಗಲಿ. ಅವರ ಕೈಯಲ್ಲೇ 'ಕಳ್ಳಂಬೆಳ್ಳ' ಎಂದು ಬರೆಸಿ ನೋಡಿ.