ಹಳೆಯ ನಾಣ್ಯ: ಇಡೋಣವೇ, ಮಾರೋಣವೇ?

ಮಕ್ಕಳೇ, ಅನೇಕ ಮನೆಗಳಲ್ಲಿ ಬೀರುವಿನ ಮೂಲೆಯಲ್ಲೋ ದೇವರ ಗೂಡಿನಲ್ಲೋ ಒಂದು ಪುಟ್ಟ ಡಬ್ಬಿ ಇರುತ್ತದೆ. ಮುಚ್ಚಳ ತೆಗೆದರೆ ನಡುವೆ ತೂತಿರುವ ಕಾಸು, ಹೂವಿನ ಎಸಳಿನಂತೆ ಅಂಚಿರುವ ಹತ್ತು ಪೈಸೆ, ರಾಜನ ಮುಖವಿರುವ ಒಂದು ರೂಪಾಯಿ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೇ ನಿಂತುಹೋಯಿತು. ಈಗ ಅವಕ್ಕೆ ಅಂಗಡಿಯಲ್ಲಿ ಒಂದು ಪೆಪ್ಪರಮಿಂಟೂ ಸಿಗದು. ಆದರೂ ಅಜ್ಜಿ ಅವನ್ನು ಏಕೆ ಎಸೆದಿಲ್ಲ?

ಒಂದು ಪ್ರಯೋಗ ಮಾಡಿ ನೋಡೋಣ. ಡಬ್ಬಿಯಲ್ಲಿ 1947ನೇ ಇಸವಿಯ, ಹುಲಿಯ ಚಿತ್ರವಿರುವ ರೂಪಾಯಿ ಇದ್ದರೆ ಅದಕ್ಕೆ ಅಯಸ್ಕಾಂತ ಹಿಡಿಯಿರಿ. ಟಕ್ಕನೆ ಅಂಟಿಕೊಳ್ಳುತ್ತದೆ, ಏಕೆಂದರೆ ಅದು ನಿಕ್ಕಲ್. 1939ರವರೆಗಿನ ರೂಪಾಯಿ ಅಂಟುವುದಿಲ್ಲ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಎರಡನೇ ಮಹಾಯುದ್ಧ ಬಂದಾಗ ಬೆಳ್ಳಿ ಸಾಲದೆ 1940ರಿಂದ ಅದು ಅರ್ಧಕ್ಕಿಳಿಯಿತು. 1947ರಲ್ಲಿ ಪೂರ್ತಿ ಮಾಯವಾಯಿತು. ತೂತಿನ ಕಾಸೂ ಯುದ್ಧದ ಕೂಸೇ. ತಾಮ್ರ ಉಳಿಸಲೆಂದು 1943ರಿಂದ ಕಾಸಿನ ನಡುಭಾಗವನ್ನೇ ತೆಗೆದುಬಿಟ್ಟರು. ಪಾಠಪುಸ್ತಕದಲ್ಲಿ ಓದುವ ಯುದ್ಧ ನಮ್ಮ ಅಂಗೈಯ ಮೇಲೇ ಕೂತಿರುತ್ತದೆ. ನಾಣ್ಯ ಕೂಡಿಡುವವರಿಗೆ ಹಿಡಿಸುವ ಹುಚ್ಚು ಇದೇ.

ಅಜ್ಜ ಅಜ್ಜಿಯರೇ, ಈಗ ನಿಮ್ಮ ಸರದಿ. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ ಹದಿನಾರಾಣೆ, ಅರವತ್ತನಾಲ್ಕು ಕಾಸು. ಆ ದಿನದಿಂದ ನೂರು ನಯಾಪೈಸೆ. ಒಂದಾಣೆ ಎಂದರೆ ಆರೂಕಾಲು ಪೈಸೆ! ಆ ಕಾಲು ಪೈಸೆಯನ್ನು ಯಾರು ಬಿಟ್ಟುಕೊಡಬೇಕು? ಅಂಗಡಿ ಮುಂದಿನ ಆ ಲೆಕ್ಕದ ಪಜೀತಿಯನ್ನು ಕಂಡವರು, ಕೇಳಿದವರು ನೀವು. ಮೊಮ್ಮಕ್ಕಳಿಗೆ ಹೇಳಿ. ಆಣೆ ಹೋದ ಎಷ್ಟೋ ವರ್ಷಗಳ ಮೇಲೂ ನಾವು 25 ಪೈಸೆಯನ್ನು ನಾಲ್ಕಾಣೆ, 50 ಪೈಸೆಯನ್ನು ಎಂಟಾಣೆ ಎಂದೇ ಕರೆದೆವು. ‘ಹಣ’ ಎಂಬುದೂ ಒಂದು ನಾಣ್ಯದ ಹೆಸರೇ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಚಿನ್ನದ ಹಣ ಬೇಳೆಕಾಳಿನಷ್ಟೇ ಇತ್ತು. ‘ದುಡ್ಡು’ ತಾಮ್ರದ ನಾಣ್ಯ. ಅವು ಕರಗಿದರೂ ಮಾತು ಉಳಿಯಿತು.

ಸರಿ, ಮಾರಿದರೆ ಎಷ್ಟು ಬರುತ್ತದೆ? ‘ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದೆಯೇ? ಲಕ್ಷಾಂತರ ಕೊಡುತ್ತೇವೆ’ ಎಂಬಂಥ ಸಂದೇಶಗಳು ಮೊಬೈಲಿಗೆ ಬರುತ್ತಿರುತ್ತವೆ. ನಂಬಿ ಫೋನು ಮಾಡಿದರೆ ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಳಿಸಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. ತನಗೂ ಇದಕ್ಕೂ ಸಂಬಂಧವಿಲ್ಲ, ಮೋಸಹೋಗಬೇಡಿ ಎಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಇಷ್ಟು ನೆನಪಿಡಿ: ಕೊಳ್ಳುವವನು ದುಡ್ಡು ಕೊಡಬೇಕು. ಅವನೇ ಮೊದಲು ದುಡ್ಡು ಕೇಳಿದರೆ ಅವನು ಕಳ್ಳ.

ಹಳೆಯದೆಲ್ಲ ದುಬಾರಿಯಲ್ಲ. ಅಂಥವು ಎಷ್ಟು ಉಳಿದಿವೆ, ಎಷ್ಟು ಸವೆದಿವೆ, ಯಾವ ವರ್ಷ, ಯಾವ ಟಂಕಸಾಲೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದರೆ ಬೆಲೆ ಇಳಿಯುತ್ತದೆ, ಆ ಕೆಲಸ ಬೇಡ. ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಮಾರುವ ವಸ್ತುವಲ್ಲ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಹಾಗೆಂದು ಮಾರುವುದು ತಪ್ಪೇನಲ್ಲ. ಒಂದೇ ಬಗೆಯವು ಹತ್ತಿದ್ದರೆ ಒಂಬತ್ತನ್ನು ಮಾರಬಹುದು, ಗೆಳೆಯರೊಡನೆ ಬದಲಾಯಿಸಿಕೊಳ್ಳಬಹುದು. ಕಷ್ಟಕಾಲಕ್ಕೆಂದೇ ಹಿರಿಯರು ಬೆಳ್ಳಿ ರೂಪಾಯಿ ಕೂಡಿಟ್ಟರು. ಓದಿಗೋ ಔಷಧಿಗೋ ಅದು ಒದಗಿದರೆ ಇಟ್ಟವರ ಮನಸ್ಸಿಗೂ ತೃಪ್ತಿಯೇ. ನಾಲ್ಕು ಕಡೆ ವಿಚಾರಿಸಿ ಮಾರಿ, ಅಷ್ಟೇ.

ಆದರೆ ಮಾರುವ ಮೊದಲು ಒಂದು ಕೆಲಸ ಬಾಕಿ ಇದೆ. ಆ ರೂಪಾಯಿ ಅಜ್ಜಿಯ ಮದುವೆಯಲ್ಲಿ ಬಂದ ಮುಯ್ಯಿಯೋ, ಅಜ್ಜನ ಮೊದಲ ಕೂಲಿಯೋ? ಅಂಥದೇ ರೂಪಾಯಿ ಬೇಕಾದರೆ ನಾಳೆಯೂ ಪೇಟೆಯಲ್ಲಿ ಸಿಕ್ಕೀತು. ಅದರ ಕಥೆ ಮಾತ್ರ ಅಜ್ಜಿಯ ಬಳಿ ಬಿಟ್ಟು ಬೇರೆಲ್ಲೂ ಸಿಗದು. ಕೇಳದೆ ಬಿಟ್ಟರೆ ಡಬ್ಬಿ ಭದ್ರವಾಗಿದ್ದರೂ ಉಳಿಯುವುದು ಬರೀ ಲೋಹ.

ಈ ವಾರದ ಕೆಲಸ: ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಾಣ್ಯವನ್ನೂ ಕಾಗದದ ಕೆಳಗಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಪಕ್ಕದಲ್ಲಿ ಇಸವಿ, ಯಾರಿಂದ ಬಂತು, ಆಗ ಅದಕ್ಕೆ ಏನು ಸಿಗುತ್ತಿತ್ತು ಎಂದು ಬರೆಯಿರಿ. ಡಬ್ಬಿಯೇ ಇಲ್ಲದವರು ಇಂದಿನ ಚಿಲ್ಲರೆಯಿಂದಲೇ ಶುರು ಮಾಡಿ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ವಜ್ರದ ಆಕಾರವಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಾಲ್ಕೂ ಟಂಕಸಾಲೆಯವು ಎಷ್ಟು ದಿನದಲ್ಲಿ ಸಿಗುತ್ತವೆ, ನೋಡಿ!